25 ಮಿಲಿಮೀಟರ್ ಜಾಸ್ತಿ

(ಮೈಸೂರಿನಲ್ಲಿ ಒಳಾಂಗಣ ವಿನ್ಯಾಸ ಕಲಿಯುತ್ತಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸ್ಲೈಡ್ ತಂದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಅದರ ಬದಲು ಈ ಪಟ್ಟಿ ತಂದಿದ್ದೇನೆ. ಪ್ಲೈವುಡ್ ತುಂಡು. ಉದ್ದ ಒಂದಡಿ, ಅಗಲ 25 ಮಿಲಿಮೀಟರ್. ಮುಂದಿನ ಸಾಲಿನಿಂದ ಕೈಯಿಂದ ಕೈಗೆ ದಾಟಿಸುತ್ತಾ ಹೋಗಿ. ಹದಿನಾಲ್ಕು ವರ್ಷದಿಂದ ನನ್ನ ಮೇಜಿನ ಮೇಲಿದೆ. ಪೆನ್ನು ಉರುಳಿ ಬೀಳದಂತೆ ತಡೆಯುತ್ತದೆ, ಅಷ್ಟೇ ಕೆಲಸ.

ಇದು ನನ್ನ ಕೈಗೆ ಬಂದಿದ್ದು ಹೀಗೆ. ಬೇರೆಯವರ ಹತ್ತಿರ ಮೂರು ವರ್ಷ ಕೆಲಸ ಮಾಡಿ ಸ್ವಂತ ಕಚೇರಿ ತೆರೆದಿದ್ದೆ. ಕಚೇರಿ ಎಂದರೆ ಬೆಂಗಳೂರಿನ ವಿಜಯನಗರದಲ್ಲಿ ಅಕ್ಕನ ಮನೆಯ ಮಹಡಿ ಕೋಣೆ. ಮೊದಲ ದೊಡ್ಡ ಕೆಲಸ ಮೂರು ಬೆಡ್‌ರೂಮಿನ ಫ್ಲ್ಯಾಟ್. ಕಾಮಾಕ್ಷಿಪಾಳ್ಯದ ಒಂದು ಸಣ್ಣ ವರ್ಕ್‌ಶಾಪಿಗೆ ವಾರ್ಡ್‌ರೋಬ್ ಕೆಲಸ ಕೊಟ್ಟೆ. ತುಮಕೂರು ಕಡೆಯ ಆಚಾರ್ರು ಅದನ್ನು ನಡೆಸುತ್ತಿದ್ದರು. ತಂದೆಯ ಕಾಲದಿಂದ ಮರಗೆಲಸ. ಒಂದು ಕಟಿಂಗ್ ಮೆಷಿನ್, ಒಂದು ಪ್ರೆಸ್, ಅಂಚಿಗೆ ಪಟ್ಟಿ ಅಂಟಿಸುವ ಒಂದು ಮೆಷಿನ್, ಆರು ಜನ ಕೆಲಸಗಾರರು.

ನಾನು ನಕ್ಷೆ ಬಹಳ ಚೆನ್ನಾಗಿ ಬರೆದಿದ್ದೆ. ಪ್ರತಿ ಪುಟದ ಮೂಲೆಯಲ್ಲಿ ‘ಫೈನಲ್’ ಎಂದು ಸೀಲ್. ಸೀಲ್ ಹೊಸದು, ಒತ್ತುವ ಆಸೆ ಜಾಸ್ತಿ ಇತ್ತು. ವಾರ್ಡ್‌ರೋಬಿನ ಆಳ 625 ಮಿಲಿಮೀಟರ್ ಎಂದು ಹಾಕಿದ್ದೆ. ಯಾಕೆ 625? ಬಟ್ಟೆ ಆರಾಮಾಗಿ ನೇತಾಡಲಿ ಅಂತ. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಬಿಲ್ ಬಂದಾಗ ನಾನು ಲೆಕ್ಕ ಹಾಕಿದ್ದಕ್ಕಿಂತ ಪ್ಲೈವುಡ್ ಶೀಟ್ ಜಾಸ್ತಿ ಇದ್ದವು. ನನಗೆ ಸಿಟ್ಟು ಬಂತು. ವರ್ಕ್‌ಶಾಪಿಗೆ ಹೋಗಿ ಎಲ್ಲರ ಮುಂದೆಯೇ ಕೇಳಿದೆ.

“ಶೀಟ್ ಜಾಸ್ತಿ ಹಾಕಿದ್ದೀರಲ್ಲ ಆಚಾರ್ರೇ?”

“ನಾನೆಲ್ಲಿ ಹಾಕಿದೆ ಮೇಡಂ, ನಿಮ್ಮ ಡ್ರಾಯಿಂಗು ಹಾಕಿಸ್ತು.”

ಹಿತ್ತಲಿಗೆ ಕರೆದುಕೊಂಡು ಹೋದರು. ಗೋಡೆಗೆ ಉದ್ದುದ್ದ ಹಲಗೆಗಳು ಒರಗಿ ನಿಂತಿದ್ದವು. ಎಲ್ಲವೂ ಒಂದೇ ಅಗಲ, 591 ಮಿಲಿಮೀಟರ್.

ಪ್ಲೈವುಡ್ ಶೀಟ್ ಎಂದರೆ ಎಂಟಡಿಗೆ ನಾಲ್ಕಡಿ, ಅಂದರೆ 2440ಕ್ಕೆ 1220 ಮಿಲಿಮೀಟರ್. ವಾರ್ಡ್‌ರೋಬಿನ ನಿಲುವು ಹಲಗೆಗಳನ್ನು ಇದರ ಉದ್ದಕ್ಕೇ ಕತ್ತರಿಸಬೇಕು. ಆಳ 600 ಇದ್ದರೆ ಒಂದು ಶೀಟಿನಲ್ಲಿ ಎರಡು ಹಲಗೆ ಬರುತ್ತವೆ. ಬ್ಲೇಡ್ ತಿನ್ನುವ ಮೂರ್ನಾಲ್ಕು ಮಿಲಿಮೀಟರ್ ಕಳೆದರೂ ಜಾಗ ಮಿಗುತ್ತದೆ. 625 ಇದ್ದರೆ ಒಂದೇ. ಮೂರು ಕೋಣೆ ಸೇರಿ ನನ್ನ ನಕ್ಷೆಯಲ್ಲಿ 14 ನಿಲುವು ಹಲಗೆಗಳಿದ್ದವು. ಏಳು ಶೀಟಿನಲ್ಲಿ ಮುಗಿಯಬೇಕಾದ್ದಕ್ಕೆ ಹದಿನಾಲ್ಕು ಶೀಟ್ ಕೊಯ್ದಿದ್ದರು. ಉಳಿದ ಪಟ್ಟಿಗಳಲ್ಲಿ ಎಂಟನ್ನು ಒಳಗಿನ ಶೆಲ್ಫಿಗೆ ಬಳಸಿ ಉಳಿತಾಯ ಮಾಡಿದ್ದರು ಪಾಪ. ಮಿಕ್ಕ ಆರು ಅಲ್ಲಿ ನಿಂತಿದ್ದವು. ಹತ್ತಿರ ಹತ್ತಿರ ಮೂರು ಶೀಟ್ ಮಾಲು.

“ಮೊದಲೇ ಹೇಳಬಾರದಿತ್ತಾ?” ಅಂದೆ.

“ನೀವು ಕೇಳ್ಲಿಲ್ಲ ಮೇಡಂ. ‘ಫೈನಲ್’ ಅಂತ ಸೀಲ್ ಹೊಡೆದು ಕಳಿಸಿದ್ರಿ. ಫೈನಲ್ ಆದ್ಮೇಲೆ ನಾನೇನು ಹೇಳ್ಲಿ?”

ಆಮೇಲೆ ಮೆಷಿನ್ ಹತ್ತಿರ ಹೋಗಿ, ಉಳಿದ ಒಂದು ಹಲಗೆಯಿಂದ ಈ 25 ಮಿಲಿಮೀಟರ್ ಪಟ್ಟಿ ಕೊಯ್ದು ಕೈಗೆ ಕೊಟ್ಟರು. “ಇಷ್ಟಕ್ಕೇ ಮೇಡಂ ಎಲ್ಲಾ ಆಗಿದ್ದು.”

ಬಟ್ಟೆ ಹಾಕುವ ಹ್ಯಾಂಗರ್ ನೋಡಿದ್ದೀರಲ್ಲ, ಅದರ ಅಗಲ 18 ಇಂಚು ದಾಟುವುದೇ ಅಪರೂಪ. 600 ಆಳದಲ್ಲಿ ಬಟ್ಟೆ ಸುಖವಾಗಿ ನೇತಾಡುತ್ತದೆ. ಮೂರು ಶೀಟಿನ ದುಡ್ಡನ್ನು ನಾನೇ ಕಟ್ಟಿದೆ. ಮನೆಯವರಿಗೆ ಹೇಳುವ ಮುಖ ಇರಲಿಲ್ಲ.

ಈಗ ನನ್ನ ಹತ್ತಿರ ಎರಡು ಸೀಲ್ ಇವೆ. ಮೊದಲು ಒತ್ತುವುದು ‘ಚರ್ಚೆಗೆ’. ವರ್ಕ್‌ಶಾಪಿನವರ ಜೊತೆ ಕೂತು, ಅವರು ಪೆನ್ಸಿಲ್ಲಿನಲ್ಲಿ ಗೀಚಿದ ಮೇಲೆ ಎರಡನೆಯದು. ನಿಮಗೆ ಹೇಳಬೇಕು ಅಂತ ಬಂದಿರುವುದು ಇದೊಂದನ್ನೇ. ನಕ್ಷೆ ಮುಗಿದ ಮೇಲೆ ವರ್ಕ್‌ಶಾಪಿಗೆ ಹೋಗುತ್ತೀರಲ್ಲ, ಅದನ್ನು ಮುಗಿಯುವ ಮೊದಲೇ ಮಾಡಿ. ನಿಮ್ಮ ತಪ್ಪು ಅವರಿಗೆ ಒಂದು ನಿಮಿಷದಲ್ಲಿ ಕಾಣುತ್ತದೆ. ಆದರೆ ಕೇಳದೆ ಹೇಳುವುದಿಲ್ಲ. ಹೇಳಿ ಬೈಸಿಕೊಂಡ ಅನುಭವ ಅವರಿಗೆ ಬೇಕಾದಷ್ಟಿದೆ.

ಇನ್ನು ಅಳತೆಯ ಭಾಷೆ. ನೀವು ಕಂಪ್ಯೂಟರಿನಲ್ಲಿ ಮಿಲಿಮೀಟರ್ ಬರೆಯುತ್ತೀರಿ. ವರ್ಕ್‌ಶಾಪಿನಲ್ಲಿ ಅಡಿ, ಇಂಚು, ನೂಲು ನಡೆಯುತ್ತದೆ. ಇಂಚಿಗೆ ಎಂಟು ನೂಲು. ಒಂದು ನೂಲು ಅಂದರೆ ಮೂರು ಮಿಲಿಮೀಟರಿಗಿಂತ ಚೂರು ಜಾಸ್ತಿ. ಬೆಂಗಳೂರಿನ ವರ್ಕ್‌ಶಾಪುಗಳಲ್ಲಿ ರಾಜಸ್ಥಾನ, ಉತ್ತರ ಪ್ರದೇಶದ ಬಡಗಿಗಳು ಬಹಳ. ಅವರು ಇದನ್ನೇ ಸೂತ್ ಅನ್ನುತ್ತಾರೆ. ನೂಲಾದರೂ ಸೂತ್ ಆದರೂ ದಾರವೇ, ಅಳತೆಯೂ ಒಂದೇ.

ತೊಂದರೆ ಆಗುವುದು ಮಿಲಿಮೀಟರಿನಿಂದ ಇಂಚಿಗೆ ದಾಟುವಾಗ. 600 ಅಂತ ನೀವು ಬರೆದರೆ ಒಬ್ಬ ಅದನ್ನು ‘ಎರಡಡಿ’ ಅಂದುಕೊಳ್ಳುತ್ತಾನೆ. ಎರಡಡಿ ಅಂದರೆ 609.6. ಅಂಥ ಎರಡು ಹಲಗೆ ಸೇರಿದರೆ 1219.2. ಶೀಟ್ ಇರುವುದು 1220. ಬ್ಲೇಡಿಗೆ ಜಾಗ ಎಲ್ಲಿದೆ? ಎರಡನೇ ಹಲಗೆ ಒಂದು ನೂಲು ಕಡಿಮೆ ಬರುತ್ತದೆ. ಅದನ್ನು ಪಕ್ಕದ ಹಲಗೆಗೆ ಜೋಡಿಸಿದಾಗ ಮುಂಭಾಗ ಸಮ ಬರುವುದಿಲ್ಲ, ಬಾಗಿಲು ಕೂರುವುದಿಲ್ಲ. ಹಾಗಾಗಿ ಮೊದಲ ದಿನವೇ ಒಂದು ಮಾತು ಮಾಡಿಕೊಳ್ಳಿ, ಈ ಕೆಲಸ ಪೂರ್ತಿ ಮಿಲಿಮೀಟರಿನಲ್ಲಿ ಅಂತ. ಸೈಟಿನಲ್ಲೂ ಮೆಷಿನ್ ಮುಂದೆಯೂ ಒಂದೇ ಥರದ ಟೇಪ್ ಇರಲಿ. ತುದಿಯ ಕೊಕ್ಕೆ ಸಡಿಲವಾದ ಟೇಪನ್ನು ಎಸೆದುಬಿಡಿ, ಕನಿಕರ ಬೇಡ.

ದಪ್ಪದ ವಿಷಯಕ್ಕೆ ಬರೋಣ. ನೀವೆಲ್ಲ ಹಲಗೆ 18 ಅಂತ ಗೆರೆ ಎಳೆಯುತ್ತೀರಿ. ಅದಕ್ಕೆ ಹೊರಗೆ ಒಂದು ಮಿಲಿಮೀಟರ್ ಲ್ಯಾಮಿನೇಟ್, ಅಂದರೆ ಮೇಲೆ ಅಂಟಿಸುವ ಅಲಂಕಾರದ ಹಾಳೆ, ಒಳಗೆ ಇನ್ನೊಂದು ತೆಳು ಲ್ಯಾಮಿನೇಟ್, ನಡುವೆ ಅಂಟು. ಸುಮಾರು 20 ಆಯಿತು. ಈಗ 900 ಅಗಲದ ಒಂದು ಅಡುಗೆಮನೆ ಬಾಕ್ಸ್ ತೆಗೆದುಕೊಳ್ಳಿ. ನಕ್ಷೆಯಲ್ಲಿ ಒಳಗೆ 864 ಸಿಗುತ್ತದೆ. ನಿಜದಲ್ಲಿ 860. ಅದರೊಳಗೆ ಡ್ರಾಯರ್ ಓಡಬೇಕಲ್ಲ? ಡ್ರಾಯರ್ ಜಾರುವ ಹಳಿ, ಅಂದರೆ ಟೆಲಿಸ್ಕೋಪಿಕ್ ಚಾನೆಲ್‌ಗೆ ಎರಡೂ ಕಡೆ ಸುಮಾರು ಹದಿಮೂರು ಹದಿಮೂರು ಮಿಲಿಮೀಟರ್ ಬೇಕು. ಒಟ್ಟು 26. ಡ್ರಾಯರ್ ಉಳಿಯುವುದು 834. ಅದರ ಪಕ್ಕದ ಹಲಗೆಗಳ ದಪ್ಪವನ್ನೂ ಕಳೆದರೆ ಒಳಗಿನ ಜಾಗ ಇನ್ನೂ ಕಡಿಮೆ. ನನ್ನ ಗಿರಾಕಿಯೊಬ್ಬರು ನಕ್ಷೆ ನೋಡಿ ಸಂತೋಷಪಟ್ಟು, ಚಮಚ ಸೌಟು ಇಡುವ 850ರ ಟ್ರೇಯನ್ನು ಆನ್‌ಲೈನಿನಲ್ಲಿ ತರಿಸಿಬಿಟ್ಟಿದ್ದರು. ಈಗ ಅದು ಅವರ ಬಾಲ್ಕನಿಯಲ್ಲಿದೆ, ಪುದೀನ ಬೆಳೆಯುತ್ತಿದ್ದಾರೆ.

ಅದಕ್ಕೇ ಹಾರ್ಡ್‌ವೇರ್ ಮೊದಲು, ಹಲಗೆ ಆಮೇಲೆ. ಚಾನೆಲ್, ಹಿಂಜ್, ಹ್ಯಾಂಡಲ್ ವರ್ಕ್‌ಶಾಪಿನ ಮೇಜಿನ ಮೇಲೆ ಬಂದು ಕೂರುವ ತನಕ ಒಂದು ಹಲಗೆಯನ್ನೂ ಕೊಯ್ಯಿಸಬೇಡಿ. ಹಿಂಜ್‌ನಲ್ಲೇ ಮೂರು ಥರ ಇವೆ, ಅದರ ತೋಳಿನ ಬಾಗು, ಅಂದರೆ ಕ್ರ್ಯಾಂಕ್, ಎಷ್ಟು ಅನ್ನುವುದರ ಮೇಲೆ. ಬಾಗಿಲು ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚುವುದಕ್ಕೆ ಸೊನ್ನೆ ಕ್ರ್ಯಾಂಕ್. ಒಂದೇ ಹಲಗೆಯನ್ನು ಎರಡು ಬಾಗಿಲು ಹಂಚಿಕೊಂಡರೆ ಎಂಟು. ಬಾಗಿಲು ಒಳಗೆ ಕೂರುವುದಾದರೆ ಹದಿನಾರು. ನಕ್ಷೆಯಲ್ಲಿ ಸುಮ್ನೆ ‘ಹಿಂಜ್’ ಅಂತ ಬರೆದರೆ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದು ಬರುತ್ತದೆ.

ಪ್ಲೈವುಡ್ ಯಾವುದು ಅನ್ನುವುದಕ್ಕೆ ಜಾಸ್ತಿ ಹೊತ್ತು ತೆಗೆದುಕೊಳ್ಳುವುದಿಲ್ಲ. ಸಿಂಕ್ ಕೆಳಗೆ, ಬಚ್ಚಲಿಗೆ ಅಂಟಿಕೊಂಡ ಗೋಡೆಗೆ ಐಎಸ್ 710, ಅಂದರೆ ಆ ನಂಬರಿನ ಭಾರತೀಯ ಮಾನದಂಡದ, ನೀರು ತಡೆಯುವ ಪ್ಲೈವುಡ್. ಅದನ್ನು ಕುದಿಯುವ ನೀರಿನಲ್ಲಿ 72 ಗಂಟೆ ಇಟ್ಟು ಪರೀಕ್ಷೆ ಮಾಡುವ ನಿಯಮ ಇದೆ. ಒಣ ಕೋಣೆಯ ವಾರ್ಡ್‌ರೋಬಿಗೆ ಸಾಧಾರಣ ಬಳಕೆಯ ಐಎಸ್ 303 ಸಾಕು. ಎರಡಕ್ಕೂ 710 ಹಾಕಿಸಿ ಗಿರಾಕಿಯನ್ನು ಹೆದರಿಸುವುದು ನನಗೆ ಇಷ್ಟವಿಲ್ಲ. ಅನುಮಾನ ಬಂದರೆ ಒಂದು ತುಂಡು ಬೇಯಿಸಿ ನೋಡಿ. ಮನೆಯ ಕುಕ್ಕರಿನಲ್ಲಿ ಬೇಡ, ಅಮ್ಮ ಬೈಯುತ್ತಾರೆ.

ನಿಜವಾದ ಮರದ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಮೈಸೂರಿನಲ್ಲಿ ನಿಂತು ಅದನ್ನು ಬಿಟ್ಟು ಹೋದರೆ ತಪ್ಪಾಗುತ್ತದೆ. ಬೀಟೆ ಮರದಲ್ಲಿ ಚಿತ್ರ ಕೊರೆದು ಬೇರೆ ಬಣ್ಣದ ಚೂರುಗಳನ್ನು ಕೂರಿಸುವ ಕೆಲಸ ನಿಮ್ಮ ಊರಿನದು, ಜಿಐ ಟ್ಯಾಗ್ ಕೂಡ ಇದೆ. ಅರಮನೆಯ ಬಾಗಿಲುಗಳಲ್ಲಿ ದಂತ ಕೂರಿಸಿದ್ದನ್ನು ನೋಡಿರುತ್ತೀರಿ. ದಂತದ ವ್ಯಾಪಾರಕ್ಕೆ ನಿಷೇಧ ಬಂದ ಮೇಲೆ ಬೇರೆ ಮರ, ಪ್ಲಾಸ್ಟಿಕ್ ಬಂದಿವೆ. ಹೊಸ ಮನೆಗೆ ದೊಡ್ಡ ಬೀಟೆ ಮೇಜು ಮಾಡಿಸಲು ಹೋಗಬೇಡಿ, ಬೆಲೆಯೂ ಜಾಸ್ತಿ, ಕಾಗದಪತ್ರವೂ ಜಾಸ್ತಿ. ಒಂದು ಬಾಗಿಲಿಗೆ, ಒಂದು ಪೂಜೆ ಮಂಟಪದ ಹಣೆಪಟ್ಟಿಗೆ ಈ ಊರಿನ ಕುಶಲಕರ್ಮಿಯ ಅಂಗೈಯಗಲದ ಕೆಲಸ ಹಾಕಿಸಿ. ಸಾಕಾಗುತ್ತದೆ.

ಮರ ಉಸಿರಾಡುತ್ತದೆ ಅಂತ ನಮ್ಮ ಆಚಾರ್ರು ಹೇಳುತ್ತಿದ್ದರು. ನಾನು ಅದನ್ನು ಸುಮ್ನೆ ಚಂದದ ಮಾತು ಅಂದುಕೊಂಡಿದ್ದೆ. ಒಂದು ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ತೇಗದ ಊಟದ ಮೇಜು ಮಾಡಿಸಿ ಮಂಗಳೂರಿನ ಮನೆಗೆ ಕಳಿಸಿದೆ. ಆ ಸಲ ಬೇರೆ ವರ್ಕ್‌ಶಾಪು. ಮೇಲ್ಹಲಗೆ 900 ಅಗಲ. ಅಲುಗಾಡಬಾರದು ಅಂತ ಕೆಳಗಿನ ಚೌಕಟ್ಟಿಗೆ ಹನ್ನೆರಡು ಸ್ಕ್ರೂ ಬಿಗಿಸಿ ಅಂಟೂ ಹಾಕಿಸಿದ್ದೆ. ಹೌದು, ನಾನೇ ಹೇಳಿ ಹಾಕಿಸಿದ್ದು. ಜುಲೈಯಲ್ಲಿ ಫೋನ್ ಬಂತು. ಹೋಗಿ ನೋಡಿದರೆ ಮೇಜಿನ ಕಾಲಿನ ಹತ್ತಿರ ಚೌಕಟ್ಟಿನ ಕೂಡುಗಳು ಬಾಯಿ ಬಿಟ್ಟಿದ್ದವು. ಕರಾವಳಿಯ ಮಳೆಗೆ ಮೇಲ್ಹಲಗೆ ತೇವ ಕುಡಿದು ಅಗಲವಾಗಿತ್ತು. ಸ್ಕ್ರೂ ಬಿಟ್ಟುಕೊಡಲಿಲ್ಲ, ಹಾಗಾಗಿ ಚೌಕಟ್ಟನ್ನೇ ಎಳೆದು ಬಿಡಿಸಿತ್ತು.

ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಿಗ್ಗುವುದು, ಕುಗ್ಗುವುದು ಎಲ್ಲ ಅಗಲಕ್ಕೆ. ಮರದ ತೇವಾಂಶ ಶೇಕಡ ನಾಲ್ಕು ಏರಿದರೂ 900 ಅಗಲದ ತೇಗದ ಹಲಗೆ ಐದಾರು ಮಿಲಿಮೀಟರ್ ಬೆಳೆಯಬಹುದು. ಎರಡು ನೂಲು. ತೇಗವೇ ಹೀಗೆ. ಅದು ಕಡಿಮೆ ಆಡುವ ಮರ ಅಂತ ಹೆಸರಾದದ್ದು. ಪರಿಹಾರ ಸುಲಭ. ಚೌಕಟ್ಟಿನಲ್ಲಿ ಗುಂಡು ತೂತಿನ ಬದಲು ಉದ್ದ ತೂತು ಕೊರೆದು ಸ್ಕ್ರೂ ಹಾಕಬೇಕು, ಅಂಟು ಹಾಕಬಾರದು. ಹಳೇ ಮನೆಗಳ ಬಾಗಿಲು ನೋಡಿ. ಚೌಕಟ್ಟಿನಲ್ಲಿ ಸೀಳು ಕೊರೆದು ನಡುವಿನ ಹಲಗೆಯನ್ನು ಸುಮ್ನೆ ಒಳಗೆ ಕೂರಿಸಿರುತ್ತಾರೆ. ಅಂಟು ಇಲ್ಲ, ಮೊಳೆ ಇಲ್ಲ. ಮಳೆಗಾಲದಲ್ಲಿ ಅದು ಒಳಗೇ ಹಿಗ್ಗಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಾನು ಇದನ್ನು ಕಾಲೇಜಿನಲ್ಲಿ ಓದಿ ಪಾಸಾಗಿದ್ದೆ. ಮೇಜು ಬಾಯಿ ಬಿಡುವ ತನಕ ಅರ್ಥ ಆಗಿರಲಿಲ್ಲ.

ಮರ ತೆಗೆದುಕೊಳ್ಳುವಾಗ ತೇವ ಅಳೆಯುವ ಮೀಟರ್ ಹಾಕಿ ತೋರಿಸಿ ಅಂತ ಕೇಳಿ. ಮೇಜು ಕುರ್ಚಿಗೆ ಶೇಕಡ 8ರಿಂದ 12ರೊಳಗೆ ಇರಬೇಕು. ತೇಗಕ್ಕೇ ಜೋತುಬೀಳಬೇಡಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಇದೆ, ಹಲಸು ಇದೆ, ಹೊನ್ನೆ ಇದೆ. ಬೆಂಗಳೂರಿಗೆ ಬಂದಾಗ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿರುವ ಮರದ ಮಾದರಿಗಳ ಸಂಗ್ರಹ ನೋಡಿ. ಫೋಟೋ ನೋಡಿ ಮರ ಆರಿಸುವ ಚಾಳಿ ಅಲ್ಲಿಗೆ ಬಿಟ್ಟುಹೋಗುತ್ತದೆ.

ದುಡ್ಡಿನ ಮಾತು. ನಾವು ಇದನ್ನು ವೇದಿಕೆಯ ಮೇಲೆ ಆಡುವುದಿಲ್ಲ, ಆದರೂ ಆಡುತ್ತೇನೆ. ವರ್ಕ್‌ಶಾಪುಗಳು ಸಾಮಾನ್ಯವಾಗಿ ಚದರಡಿ ಲೆಕ್ಕದಲ್ಲಿ ಬೆಲೆ ಹೇಳುತ್ತವೆ, ಮುಂಭಾಗದ ಅಗಲ ಗುಣಿಸು ಎತ್ತರ. ಒಳಗೆ ಎರಡು ಶೆಲ್ಫ್ ಇರಲಿ, ಆರು ಡ್ರಾಯರ್ ಇರಲಿ, ಚದರಡಿ ಅಷ್ಟೇ. ಇದರಲ್ಲಿ ಯಾರಾದರೊಬ್ಬರಿಗೆ ಮೋಸ ಆಗೇ ಆಗುತ್ತದೆ. ಶೀಟ್ ಎಷ್ಟು, ಹಾರ್ಡ್‌ವೇರ್ ಎಷ್ಟು, ಕೂಲಿ ಎಷ್ಟು ಅಂತ ಬಿಡಿಸಿ ಬರೆಸಿಕೊಳ್ಳಿ. ಶೀಟಿನ ಮೇಲೆ ಹಲಗೆಗಳನ್ನು ಹೇಗೆ ಕೊಯ್ಯುತ್ತಾರೆ ಅನ್ನುವ ಕಟಿಂಗ್ ಲಿಸ್ಟನ್ನೂ ಕೇಳಿ. ಆ ಹಾಳೆ ನನ್ನ ಕೈಯಲ್ಲಿದ್ದಿದ್ದರೆ ಈ ಪಟ್ಟಿ ನಿಮ್ಮ ಕೈಯಲ್ಲಿ ಇರುತ್ತಿರಲಿಲ್ಲ.

ಕಮಿಷನ್ ಬಗ್ಗೆ. ಕೆಲಸ ತಂದುಕೊಟ್ಟದ್ದಕ್ಕೆ ವರ್ಕ್‌ಶಾಪಿನವರು ಡಿಸೈನರ್‌ಗೆ ಕೊಡುವ ದುಡ್ಡು. ನಿಮಗೂ ಕೊಡಲು ಬರುತ್ತಾರೆ, ಕವರಿನಲ್ಲಿ, ಬಹಳ ಮರ್ಯಾದೆಯಿಂದ. ನಾನು ಮೊದಲ ವರ್ಷ ಎರಡು ಸಲ ತೆಗೆದುಕೊಂಡಿದ್ದೇನೆ. ಎರಡನೇ ಸಲ ಬಾಗಿಲುಗಳು ಸೊಟ್ಟ ಬಂದವು. ತೆಗೆದುಕೊಂಡ ಮೇಲೆ ‘ಇದು ಸೊಟ್ಟ ಇದೆ, ಬದಲಾಯಿಸಿ’ ಅನ್ನುವ ಬಾಯಿ ಎಲ್ಲಿರುತ್ತದೆ? ಅಲ್ಲಿಂದ ಗಿರಾಕಿಯ ಹತ್ತಿರ ಫೀಸು ತೆಗೆದುಕೊಳ್ಳುತ್ತೇನೆ, ವರ್ಕ್‌ಶಾಪಿನಲ್ಲಿ ಟೀ ಕುಡಿಯುತ್ತೇನೆ. ಇನ್ನೊಂದು ಮಾತು, ಕೆಲಸ ಮುಗಿದ ಮೇಲೆ ಕೊಡಬೇಕಾದ ಕೊನೆಯ ಕಂತನ್ನು ಗಿರಾಕಿಗಳು ಎಳೆದಾಡುತ್ತಾರೆ. ಅದನ್ನು ಕೇಳಿ ಕೊಡಿಸುವುದು ನಿಮ್ಮ ಕೆಲಸ. ಕೊಡಿಸಿದರೆ ಮುಂದಿನ ಸಲ ನಿಮ್ಮ ಕೆಲಸ ಸಾಲಿನಲ್ಲಿ ಮುಂದೆ ಬರುತ್ತದೆ.

ಸಾಲು ಅಂದೆನಲ್ಲ, ಕ್ಯಾಲೆಂಡರ್ ಕೂಡ ನೋಡಿಕೊಳ್ಳಿ. ಎಲ್ಲರಿಗೂ ಗೃಹಪ್ರವೇಶದ ಮುಹೂರ್ತಕ್ಕೇ ಕೆಲಸ ಮುಗಿಯಬೇಕು. ಆಷಾಢದಲ್ಲಿ ಮುಹೂರ್ತ ಇಲ್ಲ, ಶ್ರಾವಣ ಬಂದರೆ ನೂಕುನುಗ್ಗಲು. ನಾನು ಗಿರಾಕಿಗೆ ಹೇಳಿ ಒಪ್ಪಿಸಿ ಆಷಾಢದಲ್ಲೇ ಹಲಗೆ ಕೊಯ್ಯಿಸಲು ನೋಡುತ್ತೇನೆ. ಆಗ ಆಚಾರ್ರಿಗೆ ನಮ್ಮ ಜೊತೆ ಮಾತಾಡಲು ಪುರುಸೊತ್ತು ಇರುತ್ತದೆ. ಹೋಳಿ, ದೀಪಾವಳಿಗೆ ಉತ್ತರದ ಹುಡುಗರು ಊರಿಗೆ ಹೋದರೆ ವಾರಗಟ್ಟಲೆ ಪಾಲಿಶ್ ಕೆಲಸ ನಿಲ್ಲುತ್ತದೆ. ಆಯುಧಪೂಜೆಯ ದಿನ ಮೆಷಿನ್ ಮುಟ್ಟುವುದಿಲ್ಲ, ಅವತ್ತು ಡೆಲಿವರಿ ಕೇಳಬೇಡಿ. ಕಡಲೆಪುರಿ ತಿನ್ನಲು ಹೋಗಿ.

ಸೈಟಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಗೋಡೆ ನೆಟ್ಟಗಿದೆ ಅಂತ ನಂಬಬೇಡಿ, ಹೊಸ ಫ್ಲ್ಯಾಟಿನಲ್ಲೂ ನಂಬಬೇಡಿ. ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆದು ಚಿಕ್ಕದನ್ನು ಹಿಡಿಯಿರಿ. ರಸಮಟ್ಟ, ತೂಗುಗುಂಡು ಎರಡೂ ಬ್ಯಾಗಿನಲ್ಲಿರಲಿ. ಅಳತೆಗೆ ಹೋಗುವಾಗ ವರ್ಕ್‌ಶಾಪಿನವರೂ ಜೊತೆಗೆ ಬರಲಿ. ಇಬ್ಬರೂ ಒಂದೇ ಹಾಳೆಗೆ ಸಹಿ ಹಾಕಿ. ಆಮೇಲೆ ‘ನೀವು ಕೊಟ್ಟ ಅಳತೆ’, ‘ನೀವು ಮಾಡಿದ ತಪ್ಪು’ ಅನ್ನುವ ಜಗಳ ಇರುವುದಿಲ್ಲ. ಕೋಣೆಯ ಜೊತೆ ಲಿಫ್ಟನ್ನೂ ಅಳೆಯಿರಿ, ಮೆಟ್ಟಿಲಿನ ತಿರುವನ್ನೂ ಅಳೆಯಿರಿ. ಏಳಡಿ ಸೋಫಾ ವರ್ಕ್‌ಶಾಪಿನಲ್ಲಿ ಬಹಳ ಚಂದ ಕಾಣುತ್ತದೆ. ನಾಲ್ಕನೇ ಮಹಡಿಗೆ ಅದನ್ನು ಹಗ್ಗದಲ್ಲಿ ಎಳೆಯುವಾಗ ಅಷ್ಟು ಚಂದ ಕಾಣುವುದಿಲ್ಲ.

ಪ್ರಶ್ನೆಗಳು.

“ಈಗ ಕಂಪ್ಯೂಟರ್ ಮೆಷಿನ್ ಇರುವ ದೊಡ್ಡ ಫ್ಯಾಕ್ಟರಿಗಳಿವೆಯಲ್ಲ ಮೇಡಂ, ಸಣ್ಣ ವರ್ಕ್‌ಶಾಪಿಗೆ ಯಾಕೆ ಹೋಗಬೇಕು?”

ಎಲ್ಲದಕ್ಕೂ ಹೋಗಬೇಕಾಗಿಲ್ಲ. ನೇರವಾದ ಬಾಕ್ಸುಗಳ ಅಡುಗೆಮನೆ ಆದರೆ ನಾನೂ ಫ್ಯಾಕ್ಟರಿಗೆ ಕೊಡುತ್ತೇನೆ. ಅಂಚು ಅಷ್ಟು ನೀಟಾಗಿ ಕೈಯಲ್ಲಿ ಬರುವುದಿಲ್ಲ. ಆದರೆ ಹಳೇ ಮನೆಯ ಸೊಟ್ಟ ಮೂಲೆ, ಅಜ್ಜಿಯ ಕಾಲದ ಮಂಚದ ಕಾಲು ಇಟ್ಟುಕೊಂಡು ಹೊಸ ಬೆಂಚ್, ಮಂಡಿನೋವಿನ ಅಪ್ಪನಿಗೆ ಎರಡಿಂಚು ಎತ್ತರದ ಕುರ್ಚಿ, ಇವೆಲ್ಲ ಫ್ಯಾಕ್ಟರಿಯ ಪಟ್ಟಿಯಲ್ಲಿ ಇರುವುದಿಲ್ಲ. ಕುರ್ಚಿಯನ್ನಂತೂ ಮೊದಲು ಹಳೇ ಮರದಲ್ಲಿ ಒಂದು ಮಾದರಿ ಮಾಡಿಸಿ, ಆ ಅಪ್ಪನನ್ನೇ ಕೂರಿಸಿ ನೋಡಬೇಕು. ಅದಕ್ಕೆ ವರ್ಕ್‌ಶಾಪೇ ಬೇಕು.

“ಮೊದಲ ಸಲ ಹೋಗುವಾಗ ಏನು ತೆಗೆದುಕೊಂಡು ಹೋಗಬೇಕು?”

ಟೇಪ್, ಪೆನ್ಸಿಲ್, ಅರ್ಧ ಬರೆದ ನಕ್ಷೆ. ಲ್ಯಾಪ್‌ಟಾಪ್ ಬೇಡ, ಅಲ್ಲಿ ಧೂಳು. ಕಾಲಿಗೆ ಶೂ ಇರಲಿ, ನೆಲದಲ್ಲಿ ಮೊಳೆ ಬಿದ್ದಿರುತ್ತದೆ. ದುಪಟ್ಟಾ ಹಾಕಿಕೊಂಡವರು ಕಟ್ಟಿಕೊಳ್ಳಿ, ಮೆಷಿನ್ ಓಡುತ್ತಿರುತ್ತದೆ. ಬೆಳಿಗ್ಗೆ ಹೋಗಬೇಡಿ, ಕೆಲಸ ಹಂಚುವ ಗಡಿಬಿಡಿ. ಮಧ್ಯಾಹ್ನ ನಾಲ್ಕಕ್ಕೆ ಟೀ ಬರುತ್ತದೆ, ಮೆಷಿನ್ ನಿಲ್ಲಿಸುತ್ತಾರೆ, ಆಗ ಮಾತು ಕೇಳಿಸುತ್ತದೆ. ನಕ್ಷೆ ಬಿಚ್ಚಿ ಹಲಗೆ ಮೇಲಿಟ್ಟು, ‘ಇದರಲ್ಲಿ ಎಲ್ಲಿ ತೊಂದರೆ ಆಗುತ್ತೆ ಆಚಾರ್ರೇ?’ ಅಂತ ಕೇಳಿ, ಸುಮ್ನೆ ಕೂತುಬಿಡಿ. ಮೊದಲು ‘ಏನಿಲ್ಲ, ಎಲ್ಲಾ ಸರಿ ಇದೆ’ ಅನ್ನುತ್ತಾರೆ. ಏಳಬೇಡಿ. ಎರಡನೇ ಲೋಟ ಟೀ ಹೊತ್ತಿಗೆ ಪೆನ್ಸಿಲ್ ಕೇಳುತ್ತಾರೆ.